ಅಪೊಲೋನಿಯಾ ಕಳಿಸಿದ ಪಾರಿವಾಳ

ಕಟಪಾಡಿಯ ಅಪೊಲೋನಿಯಾ ಕ್ರಿಸ್ಮಸ್ ಕಾರ್ಡು ಮಾಡಲು ಶುರುಮಾಡಿದ್ದು ಗಂಡನ ಮೊಣಕಾಲಿನಿಂದಾಗಿ. ಕುವೈತಿನಿಂದ ಕಾಲುನೋವು ಹೊತ್ತು ಮರಳಿದ ಬ್ಯಾಪ್ಟಿಸ್ಟರಿಗೆ ವೈದ್ಯರು ಮತ್ತೆ ಮತ್ತೆ ಎಕ್ಸ್‌ರೇ ತೆಗೆಸಿದರು. ಕಾಲು ಗುಣವಾಗಲಿಲ್ಲ, ಕಪಾಟು ತುಂಬಿತು. ಗಟ್ಟಿ ಹಾಳೆ, ಒದ್ದೆಯಾದರೂ ಹಾಳಾಗದು. ಬಿಸಾಡಲು ಅಪೊಲೋನಿಯಾರಿಗೆ ಮನಸ್ಸು ಬರಲಿಲ್ಲ. ಅದರಲ್ಲಿ ಹೂವು, ಗಂಟೆ ಕೊರೆದು, ದಪ್ಪ ಕಾಗದದ ಮೇಲಿಟ್ಟು, ಸ್ಪಂಜಿನಿಂದ ಬಣ್ಣ ತಟ್ಟಿದರು. ಶಾಲೆ ಮಕ್ಕಳ ರಬ್ಬರನ್ನು ಬ್ಲೇಡಿನಿಂದ ಕೆತ್ತಿ ನಕ್ಷತ್ರದ ಅಚ್ಚು ಮಾಡಿದರು. ಉಡುಪಿಯ ಸರ್ವೋತ್ತಮರ ಫ್ಯಾನ್ಸಿ ಅಂಗಡಿಯಲ್ಲಿ ಆ ಕಾರ್ಡುಗಳು ಖರ್ಚಾಗುತ್ತಿದ್ದವು.

ಬ್ಯಾಪ್ಟಿಸ್ಟರ ತಮ್ಮ ಜೋನ್ ಇದ್ದದ್ದು ಪರ್ಕಳದಲ್ಲಿ. ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಬ್ಯಾಪ್ಟಿಸ್ಟರ ಮಗಳು ಮೆಲಿಷಾಳ ಮದುವೆ ಕಾಗದದಲ್ಲಿ ಜೋನರ ಹೆಸರು ಸೋದರಮಾವನ ಹೆಸರಿನ ಕೆಳಗೆ ಬಂದಿತ್ತು. ಜೋನ್ ಮದುವೆಗೆ ಬಂದರು, ಊಟ ಮಾಡಿದರು, ಆಮೇಲೆ ಈ ಕಡೆ ಬರಲಿಲ್ಲ. ಮೆಲಿಷಾಳ ಮಗ ಈಗ ಶಾಲೆಗೆ ಹೋಗುತ್ತಾನೆ.

ಕಳೆದ ಡಿಸೆಂಬರಿನಲ್ಲಿ ಅಪೊಲೋನಿಯಾ ಯಾರನ್ನೂ ಕೇಳದೆ ಮೈದುನನಿಗೊಂದು ಕಾರ್ಡು ಮಾಡಿದರು. ಶಾಂತಿಯ ಪಾರಿವಾಳ. ಕೊರೆಯುವಾಗ ಕುತ್ತಿಗೆ ಡೊಂಕಾಯಿತು. ಸರಿಮಾಡಲು ಒಂದು ಬದಿ ಕೊರೆದರು, ಅದಕ್ಕೆ ಸಮವಾಗಿ ಇನ್ನೊಂದು ಬದಿ. ಕೊರೆದದ್ದನ್ನು ಮರಳಿ ಅಂಟಿಸುವ ಹಾಗಿಲ್ಲ. ಹಕ್ಕಿ ದಪ್ಪವಾಗುತ್ತಲೇ ಹೋಯಿತು. ಕೆಂಪು ನಕ್ಷತ್ರವೊಂದು ಜಾರಿ ಸರಿಯಾಗಿ ಅದರ ತಲೆಯ ಮೇಲೆ ಬಿತ್ತು. ಒಳಗೆ "ನಿಮ್ಮ ಮನೆಯಲ್ಲಿ ಶಾಂತಿ ಇರಲಿ" ಎಂದು ಬರೆದು ಅಂಚೆಗೆ ಹಾಕಿದರು.

ಮುಂದಿನ ಭಾನುವಾರ ಜೋನ್ ಕಾರ್ಡು ಹಿಡಿದು ಬಾಗಿಲಿಗೆ ಬಂದರು. ಚಪ್ಪಲಿ ಬಿಚ್ಚಲಿಲ್ಲ.

"ಅತ್ತಿಗೆ, ಇದು ಎಂತ? ನಾವು ನಿಮ್ಮ ಕೋಳಿ ಕದ್ದಿದ್ದೇವಾ?"

"ಕೋಳಿಯಾ?"

"ಕೋಳಿಯ ಚಿತ್ರ ಕಳಿಸಿ ಶಾಂತಿ ಇರಲಿ ಅಂದರೆ ಎಂತ ಅರ್ಥ? ಲೀನಾ ಅನ್ನ ನೀರು ಬಿಟ್ಟು ಯೋಚನೆ ಮಾಡ್ತಾ ಇದ್ದಾಳೆ." ಲೀನಾ ಅವರ ಹೆಂಡತಿ.

"ಅದು ಪಾರಿವಾಳ," ಎಂದರು ಅಪೊಲೋನಿಯಾ.

ಜೋನ್ ಕಾರ್ಡನ್ನು ದೂರ ಹಿಡಿದು ನೋಡಿದರು. "ಜುಟ್ಟು ಉಂಟಲ್ಲ?"

"ಅದು ನಕ್ಷತ್ರ."

ಬ್ಯಾಪ್ಟಿಸ್ಟ್ ಕುಂಟುತ್ತಾ ಹೊರಗೆ ಬಂದರು. ತಮ್ಮನ ಮುಖ ನೋಡದೆ ಅವನ ಕೈಯಿಂದ ಕಾರ್ಡು ತೆಗೆದುಕೊಂಡರು. ತುಂಬ ಹೊತ್ತು ನೋಡಿದರು.

"ಕೋಳಿಯೇ ಮಾರಾಯ," ಎಂದರು. "ಒಣಗಲು ಇಟ್ಟಾಗಲೇ ಅಂದುಕೊಂಡೆ."

"ಅಲ್ವಾ?" ಎಂದರು ಜೋನ್.

ಮೆಲಿಷಾಳ ಮದುವೆಯ ನಂತರ ಅಣ್ಣತಮ್ಮಂದಿರು ಆಡಿದ ಮೊದಲ ಮಾತು ಅದು. ಅಪೊಲೋನಿಯಾರಿಗೆ ಅಳು ಬಂತು. ಸಂತೋಷಕ್ಕೋ ಅವಮಾನಕ್ಕೋ ತಿಳಿಯದೆ ಚಹಾ ಇಡಲು ಒಳಗೆ ಹೋದರು. ಲೋಟ ಹಿಡಿದು ಬರುವಾಗ ಜೋನ್ ನೆಲದ ಮೇಲೆ ಕುಳಿತು ಅಣ್ಣನ ಮೊಣಕಾಲು ಒತ್ತಿ ನೋಡುತ್ತಿದ್ದರು. ಮದುವೆ ಕಾಗದದ ವಿಷಯ ಯಾರೂ ಎತ್ತಲಿಲ್ಲ.

ಈಗ ಶನಿವಾರಗಳಲ್ಲಿ ಲೀನಾ ಪರ್ಕಳದಿಂದ ಬಸ್ಸು ಹಿಡಿದು ಕಾರ್ಡು ಮಾಡಲು ಬರುತ್ತಾರೆ. ಸ್ಪಂಜಿಗೆ ಬಣ್ಣ ಹೆಚ್ಚು ತೆಗೆದುಕೊಳ್ಳುತ್ತಾರೆ. ಅದು ಹಾಳೆಯ ಅಡಿಗೆ ಹರಿದು ಹೂವಿನ ಅಂಚು ಕೆಡುತ್ತದೆ. ಅಪೊಲೋನಿಯಾ ಅದನ್ನೂ ಒಣಗಲು ಇಡುತ್ತಾರೆ. ಸರ್ವೋತ್ತಮರಿಗೆ ಕಟ್ಟು ಕಟ್ಟುವಾಗ ಆ ಕಾರ್ಡುಗಳನ್ನು ನಡುವೆ ಇಡುತ್ತಾರೆ.