ಎಂಜಿನ್ ತಣ್ಣಗಿದ್ದಾಗ

ಫಿಟ್ಟರ್ ಮಾಮಾರ ಬಲ ಅಂಗೈಯಲ್ಲಿ ಹಳೆಯದೊಂದು ಸುಟ್ಟ ಗಾಯವಿತ್ತು. ಅಲ್ಲಿನ ಚರ್ಮ ಒಣಗಿದ ಹುಣಸೆ ಸಿಪ್ಪೆಯಂತೆ ಗಟ್ಟಿಯಾಗಿ, ಬಿಸಿಯೂ ತಿಳಿಯುತ್ತಿರಲಿಲ್ಲ, ತಂಪೂ ತಿಳಿಯುತ್ತಿರಲಿಲ್ಲ. ಹಾಗಾಗಿ ಏನನ್ನು ಮುಟ್ಟಿ ನೋಡುವುದಿದ್ದರೂ ಅವರು ಕೈ ತಿರುಗಿಸಿ ಬೆರಳುಗಳ ಹಿಂಬದಿ ತಾಗಿಸುತ್ತಿದ್ದರು. ಚಹಾದ ಗ್ಲಾಸು, ಜ್ವರ ಬಂದ ಕೂಸಿನ ಹಣೆ, ಕುರಿಯ ಕಿವಿ, ಪಂಪ್‌ಸೆಟ್ಟಿನ ಮೋಟರು, ಎಲ್ಲಕ್ಕೂ ಅದೇ ಪರೀಕ್ಷೆ. ಒಮ್ಮೆ ತಾಗಿಸಿ ಕೈ ತೆಗೆದು, ಸ್ವಲ್ಪ ತಡೆದು ಮತ್ತೆ ತಾಗಿಸುವರು. "ಒಂದು ಸರ್ತಿ ನೋಡಿದ್ದು ನೋಡಿದ್ದಲ್ಲ ತಮ್ಮಾ" ಎನ್ನುವರು.

ಅವರು ನಾಗಣಸೂರಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು, ಬೀರೋಬಾನ ಭಕ್ತರು. ಹರೆಯದಲ್ಲಿ ವಾಯುಪಡೆ ಸೇರಿ ಇಪ್ಪತ್ತು ವರ್ಷ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸಿದರು. ನಿವೃತ್ತಿಯಾದ ಮೇಲೆ ಅಕ್ಕಲಕೋಟೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ರಿಪೇರಿ ಮಾಡುತ್ತಿದ್ದರು. ಬಿಡಿಭಾಗ ಕೊಳ್ಳಲು ಸೊಲ್ಲಾಪುರಕ್ಕೆ ಬಂದಾಗಲೆಲ್ಲ ನಮ್ಮ ಚಾದರದ ಅಂಗಡಿಯಲ್ಲಿ ಕೂಡ್ರುವುದು ನಮ್ಮಪ್ಪನ ಕಾಲದಿಂದಲೂ ರೂಢಿ. ಮನೆಯಿಂದ ಚಹಾ ತರಿಸಿದರೆ ಕುಡಿಯದೆ ಇಟ್ಟುಕೊಂಡು, ಪೂರಾ ಆರಿದ ಮೇಲೆ ಬಾಯಿಗೆ ಹಚ್ಚುತ್ತಿದ್ದರು. ನನ್ನ ಹೆಂಡತಿಗೆ ಇದು ಅವಮಾನವೆನಿಸಿ ಒಮ್ಮೆ ಕೇಳಿಯೇ ಬಿಟ್ಟಳು. "ಬಿಸಿ ಇದ್ದಾಗ ಎಲ್ಲಾ ಚಹಾನೂ ಚೊಲೋನ ಇರತಾವವ್ವ. ಆರಿದ ಮ್ಯಾಲ ಖರೇ ರುಚಿ ತಿಳೀತೈತಿ" ಎಂದರು. ಅವಳು ಅಂದಿನಿಂದ ಸಕ್ಕರೆ ಜಾಸ್ತಿ ಹಾಕತೊಡಗಿದಳು.

ನಾನು ಅಂಜುಬುರುಕ. ಮುಚ್ಚಿಡುವುದೇನು, ಊರಿಗೇ ಗೊತ್ತು. ಲಿಫ್ಟಿನಲ್ಲಿ ಒಬ್ಬನೇ ಹತ್ತುವುದಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ. ಮಗಳು ಸೈಕಲ್ ಕಲಿತು ಎಂಟು ದಿನವಾದ ಮೇಲೂ ನಾನು ಹಿಂದಿನ ಸೀಟು ಹಿಡಿದು ಓಡುತ್ತಿದ್ದೆ. ಇಂಥವನ ಮಗಳು ವಿಮಾನ ಹಾರಿಸುವವಳಾದಳು ಎಂದರೆ ನಗಬೇಡಿ. ಅದಕ್ಕೆ ಕಾರಣ ಮಾಮಾ. ಅವಳು ಸಣ್ಣವಳಿದ್ದಾಗ ಅಂಗಡಿಯಲ್ಲಿ ಒಂದು ದಿನ ಬಿಲ್ ಬುಕ್ಕಿನ ಚೀಟಿ ಹರಿದು ಅವಳ ಕೆಳತುಟಿಗೆ ಹಿಡಿದು, ಮೇಲಿನಿಂದ ಊದು ಎಂದರು. ಊದಿದಳು. ಜೋತುಬಿದ್ದಿದ್ದ ಚೀಟಿ ಎದ್ದು ನಿಂತಿತು. "ಇಷ್ಟ ನೋಡವ್ವ ವಿಮಾನ" ಎಂದರು ಮಾಮಾ. ಹುಡುಗಿ ಆ ದಿನ ಅರ್ಧ ಬಿಲ್ ಬುಕ್ಕು ಖಾಲಿ ಮಾಡಿದಳು. ಮುಂದೆ ಕಲಿತು, ಕಲಿಸುವವಳೂ ಆಗಿ, ಇಬ್ಬರು ಗೆಳತಿಯರನ್ನು ಕೂಡಿಕೊಂಡು ಸೊಲ್ಲಾಪುರದಲ್ಲೇ ಹಾರಾಟದ ತರಬೇತಿ ಶುರು ಮಾಡುತ್ತೇನೆ ಎಂದು ಊರಿಗೆ ಬಂದಳು. ಅದಕ್ಕೊಂದು ವಿಮಾನ ಬೇಕಿತ್ತು. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ, ಹಳೆಯದೇ ನೋಡಬೇಕು.

ಹಳೆಯ ವಿಮಾನದ ಸಂತೆ ಹೇಗಿರುತ್ತದೆಂದು ನನಗೆ ಆಗ ತಿಳಿಯಿತು. ಎಲ್ಲೆಲ್ಲೂ ತರಬೇತಿ ಶಾಲೆಗಳು ಏಳುತ್ತಿದ್ದವು, ಎಲ್ಲರಿಗೂ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಅದೇ ಸಣ್ಣ ವಿಮಾನವೇ ಬೇಕು. ಬೆಳಿಗ್ಗೆ ಮಾರಾಟಕ್ಕಿದೆ ಎಂದು ಸುದ್ದಿ ಬಂದರೆ ಮಧ್ಯಾಹ್ನದೊಳಗೆ ಯಾರೋ ಇಸಾರದ ಹಣ ಕೊಟ್ಟು ಹೋಗಿರುತ್ತಿದ್ದರು. ಕೆಲವರಂತೂ ಫೋಟೋ ನೋಡಿಯೇ ಮುಂಗಡ ಕಳಿಸುತ್ತಿದ್ದರು. ಹೀಗೆ ನಾಲ್ಕು ವಿಮಾನ ನಮ್ಮ ಕೈತಪ್ಪಿದವು. ಪ್ರತಿ ಸಲವೂ ಮಗಳು ಊಟ ಬಿಟ್ಟು ಕೋಣೆ ಸೇರುವಳು. ನಾನು ಮಾತ್ರ ಒಳಗೊಳಗೇ ಉಸಿರು ಬಿಡುತ್ತಿದ್ದೆ. ಸಿಕ್ಕರೆ ಅವಳು ಅದರಲ್ಲಿ ಹಾರುತ್ತಾಳೆಂಬ ಭಯ, ಸಿಗದಿದ್ದರೆ ಅವಳ ಮುಖ ನೋಡಬೇಕೆಂಬ ಭಯ. ಅಕ್ಕಲಕೋಟೆಗೆ ಹೋದಾಗ ದೇವರ ಮುಂದೆ ನಿಂತು ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಸುಮ್ಮನೆ ಕೈ ಮುಗಿದು ಬಂದಿದ್ದೇನೆ.

ಐದನೆಯ ವಿಮಾನದ ಸುದ್ದಿ ಬಂತು. ಭೀಮಾ ನದಿಯಾಚೆ ಒಬ್ಬ ಶ್ರೀಮಂತರ ಹೊಲದಲ್ಲಿ ಅವರದೇ ರನ್‌ವೇ, ಅವರದೇ ಶೆಡ್ಡು. ಮಾಲೀಕರು ಮುಂಬೈಯಲ್ಲಿ, ಮಾರುವ ವ್ಯವಹಾರವೆಲ್ಲ ಮ್ಯಾನೇಜರರದು. ಮಗಳು ಮಾಮಾರನ್ನು ಬೇಡಿಕೊಂಡಳು. "ಈ ಹುಚ್ಚು ಹತ್ತಿಸಿದಾವ ನಾನ. ಬರತೀನಿ" ಎಂದರು ಅವರು. ಆದರೆ ನನಗೆ ಒಂದು ಮಾತು ಹೇಳಿದರು.

"ಯಾವಾಗ ಬರತೀವಂತ ಅವರಿಗೆ ಹೇಳಬ್ಯಾಡ ತಮ್ಮಾ. ನಮ್ಮಪ್ಪ ಕುರಿ ಕೊಳ್ಳಾಕ ಎಂದೂ ಹೇಳಿ ಹೋಗತಿದ್ದಿಲ್ಲ. ಹೇಳಿದ್ರ ಮಾರಾವ ಕುರಿಗೆ ಉಪ್ಪು ತಿನಿಸಿ ನೀರು ಕುಡಸ್ತಾನ. ಹೊಟ್ಟಿ ತುಂಬಿದ ಕುರಿ ಎಲ್ಲಾ ದಪ್ಪನ ಕಾಣತೈತಿ."

ನಾನು ಹೂಂ ಎಂದೆ. ಹಿಂದಿನ ದಿನ ಸಂಜೆ ಮ್ಯಾನೇಜರರಿಗೆ ಫೋನ್ ಮಾಡಿದೆ. ಕೆಟ್ಟ ಬುದ್ಧಿಯಿಂದಲ್ಲ. ನಮ್ಮ ವ್ಯಾಪಾರಿ ಮಂದಿ ಇನ್ನೊಬ್ಬರ ಅಂಗಡಿಗೆ ಹೇಳದೆ ಹೋಗುವುದಿಲ್ಲ, ಅದು ಮರ್ಯಾದೆಯಲ್ಲ. ಜೊತೆಗೆ, ಗೇಟಿನಲ್ಲಿ ಯಾರಾದರೂ ತಡೆದರೆ ಎಂಬ ಅಂಜಿಕೆ. "ಮುಂಜಾನೆ ಏಳಕ್ಕ ಬರತೀವ್ರಿ" ಎಂದು ಹೇಳಿಬಿಟ್ಟೆ. ಮಾಮಾರಿಗೆ ತಿಳಿಸಲಿಲ್ಲ.

ವಿಮಾನ ನೋಡಲು ಚೆನ್ನಾಗಿತ್ತು. ಬಿಳಿ ಮೈ, ಕೆಂಪು ಪಟ್ಟಿ, ನಿನ್ನೆಯಷ್ಟೇ ತೊಳೆದಂತೆ. ಮಗಳು ಒಳಗೆ ಹತ್ತಿ ಕೂತು ಹಿಡಿಕೆ ಹಿಡಿದಾಗ ಅವಳ ಮುಖದಲ್ಲಿ ಬೆಳಕು ಬಂತು. ಇದೇ ಆಯಿತು ಅಂದುಕೊಂಡೆ. ಮ್ಯಾನೇಜರರು ಲಾಗ್ ಪುಸ್ತಕ ಹಿಡಿದು ಪಕ್ಕದಲ್ಲೇ ಇದ್ದರು. "ಮೂರ್ ದಿವಸ ಆತು ನೋಡ್ರಿ ಯಾರೂ ಮುಟ್ಟಿಲ್ಲ. ಶೆಡ್ಡಿಗೆ ಕೀಲಿನ ಹಾಕಿದ್ದೆ. ಆದ್ರೂ ಈಗ ಚಾಲೂ ಮಾಡ್ರಿ, ಒಂದ ಝಟಕಾಕ್ಕ ಏಳತದ" ಎಂದರು.

ಮಾಮಾ ಜೇಬಿನಿಂದ ಸಣ್ಣ ಬ್ಯಾಟರಿ ತೆಗೆದು ವಿಮಾನದ ಮೂಗಿನ ಸಂದಿಯಲ್ಲಿ ಬೆಳಕು ಬಿಟ್ಟರು. ನಂತರ ಕೈ ತಿರುಗಿಸಿ ಒಳಗೆ ಹಾಕಿದರು. ತೆಗೆದರು. ತಡೆದು ಮತ್ತೆ ಹಾಕಿದರು. ಆಮೇಲೆ ಮ್ಯಾನೇಜರರನ್ನಲ್ಲ, ನನ್ನನ್ನು ನೋಡಿದರು.

"ಫೋನ್ ಮಾಡಿದ್ದೇನು?"

ನಾನು ನೆಲ ನೋಡಿದೆ. ಮಾಮಾ ನನ್ನ ಕೈ ಹಿಡಿದು ಅದೇ ಸಂದಿಯೊಳಗೆ ಹಾಕಿಸಿದರು. ಎಂಜಿನ್ ಬೆಚ್ಚಗಿತ್ತು. ಒಲೆಯಿಂದ ಇಳಿಸಿ ತುಸು ಹೊತ್ತಾದ ಪಾತ್ರೆಯಷ್ಟು.

ಅದರ ಅರ್ಥವನ್ನು ಅವರು ಎಲ್ಲರೆದುರು ಮೆತ್ತಗೆ ಹೇಳಿದರು. ಸವೆದ ಎಂಜಿನ್ ತಣ್ಣಗಿದ್ದಾಗ ಏಳಲು ತಕರಾರು ಮಾಡುತ್ತದೆ, ಹೊಗೆ ಬಿಡುತ್ತದೆ, ಒಳಗೆ ಬಡಿದಂತೆ ಸದ್ದು ಬರುತ್ತದೆ. ಒಮ್ಮೆ ಓಡಿಸಿ ಕಾಯಿಸಿಟ್ಟರೆ ಅರ್ಧ ರೋಗ ಕಾಣುವುದಿಲ್ಲ. "ರೋಗ ಐತಿ ಅಂತ ನಾ ಅನ್ನಂಗಿಲ್ಲ. ಆರಲಿ, ಆರಿದ ಮ್ಯಾಲ ಚಾಲೂ ಮಾಡೂಣು. ಸಂಜೀಮಟ ಕುಂದರತೀನಿ."

ಮ್ಯಾನೇಜರರ ಮುಖ ಸಣ್ಣದಾಯಿತು. ಆಳು ಒರೆಸುವಾಗ ಸುಮ್ಮನೆ ಚಾಲೂ ಮಾಡಿರಬೇಕು ಎಂದರು. ಆಮೇಲೆ ದನಿ ಬದಲಾಯಿತು. "ಹನ್ನೊಂದಕ್ಕ ಪುಣೆದ ಪಾರ್ಟಿ ಬರಾಕತ್ತದರಿ. ನಿಮಗ ಬೇಕಂದ್ರ ಈಗ ಇಸಾರ ಕೊಡ್ರಿ, ಬ್ಯಾಡಂದ್ರ ರಾಹೂ ದ್ಯಾ, ಬಿಟ್ಟಬಿಡ್ರಿ."

ಮಾಮಾ ಹೆಗಲ ಮೇಲಿನ ಕಂಬಳಿ ರೆಕ್ಕೆಯ ನೆರಳಿಗೆ ಹಾಸಿ ಕೂತರು. ಹತ್ತು ಗಂಟೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಮಗಳು ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದಳು. ಇದೂ ಹೋಗುತ್ತದೆ, ಇವಳು ಮತ್ತೆ ಕೋಣೆ ಸೇರುತ್ತಾಳೆ, ತಪ್ಪು ಮಾಡಿದವನು ನಾನೇ. ಆ ಸಂಕಟದಲ್ಲಿ ಮಾಮಾರ ಮುಂದೆ ಹೋಗಿ ಅನ್ನಬಾರದ ಮಾತು ಅಂದೆ. "ನಾವು ಕುರಿ ಕೊಳ್ಳಾಕ ಬಂದಿಲ್ರಿ ಮಾಮಾ. ನಿಮ್ಮ ಹಟ್ಟಿ ಲೆಕ್ಕ ಇಲ್ಲಿ ನಡಿಯಂಗಿಲ್ಲ."

ಅವರು ತಲೆ ಎತ್ತಲಿಲ್ಲ. ಕಂಬಳಿಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ ಕೂತೇ ಇದ್ದರು. ಹನ್ನೊಂದಕ್ಕೆ ಪುಣೆಯವರು ಬಂದರು. ಮ್ಯಾನೇಜರರು ಇನ್ನೂ ಪೂರಾ ಆರದ ಎಂಜಿನ್ ಚಾಲೂ ಮಾಡಿ ತೋರಿಸಿದರು, ಒಂದೇ ಝಟಕಕ್ಕೆ ಎದ್ದಿತು. ಮಾಮಾ ಎದ್ದು ಹೋಗಿ ಅವರಲ್ಲಿ ಹಿರಿಯನೊಬ್ಬನನ್ನು ಬದಿಗೆ ಕರೆದು, ಬೆಳಿಗ್ಗೆಯೇ ಬೆಚ್ಚಗಿತ್ತು, ಆರಿಸಿ ನೋಡಿ ಎಂದರು. ಆತ ನಕ್ಕ. ಎದುರಾಳಿ ಗಿರಾಕಿಯ ಮಾತು ಯಾರು ನಂಬುತ್ತಾರೆ. ಅರ್ಧ ತಾಸಿನಲ್ಲಿ ಇಸಾರ ಮುಗಿಯಿತು.

ಬರುವಾಗ ಕಾರಿನಲ್ಲಿ ಮಗಳು ಕಿಟಕಿಗೆ ಮುಖ ಮಾಡಿ ಅಳುತ್ತಿದ್ದಳು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಮಾಮಾ ಗ್ಲಾಸು ಮುಂದಿಟ್ಟುಕೊಂಡು ಆರುವುದನ್ನು ಕಾಯುತ್ತ, "ಕುರಿ ಆಗಿದ್ರ ನಾನೂ ಹೂಂ ಅಂತಿದ್ದೆ ತಮ್ಮಾ. ಕುರಿ ಮ್ಯಾಲಿಂದ ಬಿದ್ದ ಯಾರೂ ಸತ್ತಿಲ್ಲ" ಎಂದರು.

ಮಗಳು ಅಳುತ್ತಲೇ ನಕ್ಕಳು. ನನಗೆ ನಗು ಬರಲಿಲ್ಲ. ಅವರ ಕಾಲು ಮುಟ್ಟಿ ತಪ್ಪಾಯಿತು ಎಂದೆ. ಮಗಳು ಕೈ ತೊಳೆಯಲು ಹೋದಾಗ ಎದೆಯಲ್ಲಿದ್ದುದನ್ನೂ ಹೇಳಿಬಿಟ್ಟೆ. ನನಗೆ ಹಗಲೂ ರಾತ್ರಿ ಅಂಜಿಕೆ, ಯಾವ ವಿಮಾನವೂ ಸಿಗದಿರಲಿ ಅನಿಸುತ್ತದೆ, ತಂದೆಯಾಗಿ ಹೀಗೆ ಬಯಸುವುದು ಪಾಪವೇನೋ ಎಂದು.

"ಪಾಪ ಯಾಕ ಆಗತೈತಿ. ಅಂಜಿಕಿ ಇಲ್ಲದಾವನ ಕೈಯಾಗ ನಟ್ಟು ಬಿಗಿಯೂ ಪಾನಾ ಕೊಡಬಾರದು. ಅಂಜಾವ ನಟ್ಟು ಎರಡು ಸರ್ತಿ ತಿರುವಿ ನೋಡ್ತಾನ. ನೀ ಅಂಜು, ಆದ್ರ ಅಂಜಿ ಫೋನ್ ಮಾಡಬ್ಯಾಡ" ಎಂದರು ಮಾಮಾ.

ಆ ಕೆಂಪು ಪಟ್ಟಿಯ ವಿಮಾನ ಮುಂದೆ ಏನಾಯಿತೋ ನನಗೆ ಗೊತ್ತಿಲ್ಲ. ಚೆನ್ನಾಗಿಯೇ ಇದ್ದೀತು, ಇಂದಿಗೂ ಎಲ್ಲೋ ಹಾರುತ್ತಿದ್ದೀತು. ಒಮ್ಮೆ ಮಾಮಾರನ್ನೇ ಕೇಳಿದೆ. "ಯಾರಿಗ್ಗೊತ್ತು. ಗೊತ್ತಿಲ್ಲಂದ್ರ ಅದರಾಗ ಕೂಸನ್ನ ಕುಂದರಸಬಾರದು, ಅಷ್ಟ" ಎಂದರು. ಅವರು ಹಾಗೆ ಎಂದ ಮೇಲೂ ನಾನು ಬಹಳ ದಿನ ಪತ್ರಿಕೆಯಲ್ಲಿ ವಿಮಾನದ ಸುದ್ದಿ ಬಂದರೆ ಪುಟ ಮಗುಚಿಡುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಮಾಮಾರ ಫೋನು ಬಂತು. ಮುಚ್ಚುತ್ತಿದ್ದ ಒಂದು ಹಾರಾಟದ ಕ್ಲಬ್ಬಿನಲ್ಲಿ ವಿಮಾನವಿದೆ ಎಂದು ಮಗಳು ಬಾಯಿ ಬಿಟ್ಟದ್ದೇ ತಡ, ನಮಗೂ ಹೇಳದೆ ಅವರು ಎಸ್‌ಟಿ ಬಸ್ಸು ಹತ್ತಿ ಹೋಗಿದ್ದರು. ಅಲ್ಲಿ ಮೂರು ದಿನ ಉಳಿದಿದ್ದರು. "ಬಣ್ಣ ಹೋಗೈತಿ, ಸೀಟು ಹರದಾವು. ಮೂರೂ ದಿನ ಮುಂಜಾನೆ ಮುಟ್ಟೇನಿ, ತಣ್ಣಗಿತ್ತು. ತಣ್ಣಗಿದ್ದಾಗನ ಎದ್ದೈತಿ. ಬರ್ರಿ" ಎಂದರು. ಬಣ್ಣ ಹೋದ ಆ ವಿಮಾನದ ಬಗ್ಗೆ ಬೇರೆ ಯಾರಿಗೂ ಅವಸರವಿರಲಿಲ್ಲ. ಅದು ನಮ್ಮದಾಯಿತು.

ಕಾಗದ ಪತ್ರ ಮುಗಿದು, ಸರ್ಕಾರದ ತಪಾಸಣೆ ಮುಗಿದು, ಮಗಳು ಸೊಲ್ಲಾಪುರದಲ್ಲಿ ಮೊದಲ ಸಲ ಅದನ್ನು ಎತ್ತುವ ದಿನ ಬಂತು. ನಾನು ಬೆಳಗಿನಿಂದ ನೀರು ಕೂಡ ಕುಡಿದಿರಲಿಲ್ಲ. ಅವಳು ಹತ್ತಿದಳು. ಆಚೆ ಬದಿಯ ಬಾಗಿಲು ತೆಗೆದು ಮಾಮಾ ಹತ್ತಿದರು. ನೀವೇಕೆ ಎಂದು ನಾನು ಕೂಗಿದೆ.

"ಚೊಲೋ ಐತಿ ಅಂದಾವ ನಾನಲ್ಲೇನು" ಎಂದು ಬಾಗಿಲು ಹಾಕಿಕೊಂಡರು.

ಅದು ಎದ್ದು ಹೋದದ್ದನ್ನು ನಾನು ನೋಡಲಿಲ್ಲ. ಬೇಲಿಯ ತಂತಿ ಹಿಡಿದು, ಕಣ್ಣು ಮುಚ್ಚಿ, ಸದ್ದನ್ನಷ್ಟೇ ಕೇಳುತ್ತಿದ್ದೆ. ಸದ್ದು ದೂರವಾದರೆ ಬಿದ್ದಿತೇನೋ ಎಂದು, ಹತ್ತಿರವಾದರೆ ಇಲ್ಲೇ ಬೀಳುವುದೇನೋ ಎಂದು. ಹೆಂಡತಿ ನನ್ನ ಅಂಗಿ ಹಿಡಿದುಕೊಂಡಿದ್ದಳು. ಚಕ್ರ ನೆಲಕ್ಕೆ ತಾಗಿದ ಸದ್ದು ಕೇಳಿ ಕಣ್ಣು ತೆಗೆದಾಗ ನನ್ನ ಅಂಗೈಯಲ್ಲಿ ರಕ್ತವಿತ್ತು.

ಮಾಮಾ ಇಳಿದವರೇ ನೆಲಕ್ಕೆ ಕುಕ್ಕರಿಸಿದರು. ಮೇಲಿದ್ದಷ್ಟು ಹೊತ್ತೂ ಕಣ್ಣು ಮುಚ್ಚಿ ಬೀರೋಬಾನನ್ನು ಕರೆಯುತ್ತಿದ್ದರೆಂದು ಮಗಳು ಹೇಳಿದಳು.

"ಇಪ್ಪತ್ತು ವರ್ಷ ವಿಮಾನದಾಗ ಇದ್ದವರು ನೀವು" ಎಂದೆ ನಾನು.

"ವಿಮಾನದ ಬುಡಕ ಇದ್ದೆ. ಅದನ್ನ ಹತ್ತೂ ಪಾಳಿ ಬಂದಾಗೆಲ್ಲ ರಜಾ ತಗೊಂಡು ರೈಲಿಗೆ ಹೋಗೇನಿ. ಇದ ಮೊದಲ ನೋಡಪ್ಪ" ಎಂದರು. ಅಂಜುಬುರುಕ ನಾನೊಬ್ಬನೇ ಎಂದುಕೊಂಡು ಇಷ್ಟು ವರ್ಷ ನಾಚಿಕೊಂಡಿದ್ದೆ. ನನಗಿಂತ ದೊಡ್ಡ ಅಂಜುಬುರುಕರು ನನ್ನ ಮಗಳ ಪಕ್ಕದಲ್ಲಿ ಕೂತು ಬಂದಿದ್ದರು. ಆ ಋಣ ತೀರಿಸುವುದು ಹೇಗೆಂದು ನನಗೆ ಈಗಲೂ ತಿಳಿಯದು.

ಮಗಳು ಈಗ ದಿನಾ ಹಾರುತ್ತಾಳೆ. ಕಲಿಯಲು ಬಂದವರಿಗೆ ಮೊದಲು ಎಂಜಿನ್ ಮುಟ್ಟುವುದನ್ನು ಕಲಿಸುತ್ತಾಳೆ, ಬೆರಳಿನ ಹಿಂಬದಿಯಿಂದ, ಎರಡು ಸಲ. ನನ್ನ ಭಯವೇನೂ ಹೋಗಿಲ್ಲ. ಅವಳು ಇಳಿದು ಫೋನ್ ಮಾಡುವ ತನಕ ಅಂಗಡಿಯಲ್ಲಿ ಅದೇ ಚಾದರವನ್ನು ಬಿಚ್ಚಿ ಮಡಚುತ್ತಿರುತ್ತೇನೆ.

ಈ ವರ್ಷ ಬೇಸಿಗೆಯಲ್ಲಿ ಮಾಮಾ ಹೋದರು. ಮಧ್ಯಾಹ್ನ ಊಟ ಮಾಡಿ ಶೆಡ್ಡಿನಲ್ಲೇ ಕಂಬಳಿ ಹಾಸಿ ಮಲಗಿದವರು ಏಳಲಿಲ್ಲ. ನಾವು ಅಕ್ಕಲಕೋಟೆ ಮುಟ್ಟುವಷ್ಟರಲ್ಲಿ ನಾಗಣಸೂರಿನ ಮಂದಿ ಬಂದು ಅವರ ಹಣೆಗೆ ಅರಿಸಿನದ ಭಂಡಾರ ಹಚ್ಚಿದ್ದರು. ತಲೆದೆಸೆಯ ಸ್ಟೂಲಿನ ಮೇಲೆ ಕುಡಿಯದ ಚಹಾದ ಗ್ಲಾಸು ಹಾಗೇ ಇತ್ತು, ಕೆನೆಗಟ್ಟಿ. ಮುಖ ನೋಡಿದರೆ ನಿದ್ದೆಯಲ್ಲಿದ್ದಂತೆಯೇ ಇತ್ತು. ನನಗೆ ನಂಬಿಕೆಯಾಗಲಿಲ್ಲ. ಪಕ್ಕದಲ್ಲಿ ಕೂತು, ಕೈ ತಿರುಗಿಸಿ, ಬೆರಳುಗಳ ಹಿಂಬದಿಯನ್ನು ಅವರ ಕೆನ್ನೆಗೆ ತಾಗಿಸಿದೆ. ತಣ್ಣಗಿತ್ತು. ಕೈ ತೆಗೆದು, ಸ್ವಲ್ಪ ತಡೆದು, ಇನ್ನೊಂದು ಸಲ ತಾಗಿಸಿದೆ.