ಭಾವನವರ ಪೆನ್‌ಡ್ರೈವ್

ಭಾರತೀನಗರದ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಬಂಡೂರಿನ ಸುತ್ತಮುತ್ತಲ ಅಜ್ಜಿಯರ ಬಾಯಿಂದ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿಕೊಂಡು ಬರುವುದು ಕೆಲವು ವರ್ಷ ನನ್ನ ರಜಾದಿನಗಳ ಕೆಲಸವಾಗಿತ್ತು. ಆ ಹಾಡುಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿದ್ದವು. ಬೇರೆಲ್ಲೂ ಇರಲಿಲ್ಲ. ಹಾಡಿದವರಲ್ಲಿ ಕೆಲವರು ಆಗಲೇ ತೀರಿಹೋಗಿದ್ದರು.

ಒಂದು ದಿನ ಆ ಲ್ಯಾಪ್‌ಟಾಪು ತೆರೆದುಕೊಳ್ಳುವುದನ್ನೇ ನಿಲ್ಲಿಸಿತು. ಕಂಪನಿಯ ಗುರುತು ಮೂಡುತ್ತಿತ್ತು, ಕೆಳಗೆ ಚುಕ್ಕಿಗಳು ಸುತ್ತುತ್ತಿದ್ದವು, ಅಷ್ಟೇ. ನನ್ನ ಗಂಡ ಅಣ್ಣನಿಗೆ ಫೋನ್ ಮಾಡಿದರು. ಈ ಭಾವ ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದರು. ಅಲ್ಲಿ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಎಳೆದು ತೆಗೆಯುತ್ತಿದ್ದರಂತೆ. ಆ ಅರ್ಹತೆಯ ಮೇಲೆ ಮನೆತನಕ್ಕೆಲ್ಲ ಕಂಪ್ಯೂಟರ್ ಪಂಡಿತರಾಗಿಬಿಟ್ಟಿದ್ದರು.

ಭಾನುವಾರ ಮದ್ದೂರಿನ ನಮ್ಮ ಮನೆಗೆ ಬಂದರು. ಬೈಕಿನ ಕೀಲಿಗೊಂಚಲಲ್ಲಿ ಒಂದು ಪೆನ್‌ಡ್ರೈವ್ ನೇತಾಡುತ್ತಿತ್ತು. ಮೆಷಿನ್ನಿನ ಮುಖವನ್ನೂ ಸರಿಯಾಗಿ ನೋಡದೆ, "ಮೆಷಿನ್ ನಡ್ಸೋ ಓಎಸ್ಸೇ ಓಗೈತೆ. ಹೊಸದು ಹಾಕ್ಬುಡಾನ, ಇದ್ರಲ್ಲೇ ಐತೆ" ಅಂದರು.

"ಒಳಗೆ ನನ್ನ ಹಾಡುಗಳಿವೆ ಭಾವ. ಅವು ಹೋಗಬಾರದು."

"ಎಲ್ಲೂ ಓಗಲ್ಲ ಕಣಮ್ಮ. ನೀನು ಕಾಫಿ ಮಾಡೋಗು."

ನಾನು ಹೋಗಲಿಲ್ಲ. ಭಾವ ಪೆನ್‌ಡ್ರೈವ್ ಚುಚ್ಚಿ, ಮೆಷಿನ್ ಆನ್ ಮಾಡಿ, ಮೇಲಿನ ಸಾಲಿನ ಕೀಗಳನ್ನೆಲ್ಲ ಒಂದೊಂದಾಗಿ ಕುಟ್ಟಿದರು. ಯಾವುದೋ ಒಂದು ತಗುಲಿರಬೇಕು, ಪರದೆಯ ಮೇಲೆ ಎರಡು ಆಯ್ಕೆಗಳು ಬಂದವು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡುವುದು ಒಂದು. ಕಂಪ್ಯೂಟರಿನೊಳಕ್ಕೆ ಹಾಕುವುದು ಇನ್ನೊಂದು. ಮೊದಲನೆಯದರ ಕೆಳಗೆ, ನಿಮ್ಮ ಡಿಸ್ಕಿನಲ್ಲಿರುವುದು ಏನೂ ಬದಲಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ಬೆರಳಿಟ್ಟು ತೋರಿಸಿದೆ.

"ಅದೆಲ್ಲ ಗೊತ್ತಿಲ್ದೋರ್ಗೆ" ಎಂದು ಎರಡನೆಯದನ್ನು ಒತ್ತಿದರು. ಬಂದ ಬಂದದ್ದಕ್ಕೆಲ್ಲ ಹ್ಞೂಂ ಅನ್ನುತ್ತ ಮುಂದೆ ಸಾಗಿದರು. ಒಂದು ಪುಟದಲ್ಲಿ, ಡಿಸ್ಕಿನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ನಾನು ಗಟ್ಟಿಯಾಗಿ ಓದಿ ಹೇಳಿದೆ.

"ಅದು ಎಲ್ರಿಗೂ ಅಂಗೇ ಕೇಳ್ತದೆ ಕಣಮ್ಮ. ಎದರ್ಸಕ್ಕೆ."

ಬಾಣದ ಗುರುತು ಆ ಬಟನ್ನಿನ ಕಡೆ ಸರಿಯಿತು. ನಾನು ಅವರ ಕೈಯನ್ನು ಪಕ್ಕಕ್ಕೆ ತಳ್ಳಿ ಪವರ್ ಬಟನ್ ಒತ್ತಿ ಹಿಡಿದೆ. ಪರದೆ ಕಪ್ಪಾಯಿತು.

ಭಾವ ನನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದರು. "ಏನ್ಲಾ ಇದು? ಇದಕ್ಕಾ ನನ್ನ ಕರ್ಸಿದ್ದು?"

ನನ್ನ ಗಂಡ, "ಅಣ್ಣಂಗೆ ಗೊತ್ತಿರ್ತದೆ ಬುಡು" ಅಂದರು ನನಗೆ. ಇಬ್ಬರೂ ಅಕ್ಷರ ಬಲ್ಲವರು. ಎದುರಿಗಿದ್ದ ಒಂದು ವಾಕ್ಯ ಓದುವುದನ್ನು ಇಬ್ಬರೂ ಮರ್ಯಾದೆಗೆ ಕಡಿಮೆ ಅಂದುಕೊಂಡಿದ್ದರು. ಭಾವ ಕೀಲಿಗೊಂಚಲಿನಿಂದ ಬಿಚ್ಚಿದ ಪೆನ್‌ಡ್ರೈವನ್ನು ಮೆಷಿನ್ನಿನಲ್ಲೇ ಮರೆತು, ಮುದ್ದೆ ಬಸ್ಸಾರು ಮುಟ್ಟದೆ, ಬೈಕ್ ಹತ್ತಿದರು.

ಅವರ ಬೈಕಿನ ಸದ್ದು ಮರೆಯಾದ ಮೇಲೆ ಮೆಷಿನ್ನನ್ನು ಮತ್ತೆ ಆನ್ ಮಾಡಿ, ಅವರು ಕುಟ್ಟಿದ ಕೀಗಳನ್ನು ನಾನೂ ಕುಟ್ಟಿ, ಮೊದಲನೆಯ ಆಯ್ಕೆಯನ್ನು ಒತ್ತಿದೆ. ತುಂಬ ನಿಧಾನವಾಗಿ, ಗುರುತು ಪರಿಚಯವಿಲ್ಲದ ಒಂದು ಪರದೆ ತೆರೆದುಕೊಂಡಿತು. ಇಡೀ ವ್ಯವಸ್ಥೆ ಆ ಬೆರಳುದ್ದದ ಪೆನ್‌ಡ್ರೈವಿನಿಂದಲೇ ನಡೆಯುತ್ತಿತ್ತು. ಲ್ಯಾಪ್‌ಟಾಪಿನ ಡಿಸ್ಕು ಒಂದು ಮೂಲೆಯಲ್ಲಿ ಚಿತ್ರವಾಗಿ ಕೂತಿತ್ತು. ಒತ್ತಿದೆ. ಬಂಡೂರಿನ ಫೋಲ್ಡರ್ ಇಟ್ಟಲ್ಲೇ ಇತ್ತು. ಒಂದು ಹಾಡು ಹಾಕಿದೆ; ಅಜ್ಜಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಹಾಡು ಮುಗಿಯುವವರೆಗೂ ಕೇಳಿದೆ. ಆಮೇಲೆ ಪ್ರಶ್ನೆಪತ್ರಿಕೆ ಇಟ್ಟುಕೊಳ್ಳುತ್ತಿದ್ದ ನನ್ನ ಇನ್ನೊಂದು ಪೆನ್‌ಡ್ರೈವಿಗೆ ಎಲ್ಲವನ್ನೂ ಕಾಪಿ ಮಾಡಿದೆ. ಗಂಡ ಬಾಗಿಲಲ್ಲಿ ನಿಂತು ನೋಡಿ, ಟೀವಿಯ ಮುಂದೆ ಹೋಗಿ ಕೂತರು.

ಅದಾದ ಕೆಲವು ವಾರಕ್ಕೆ ಮಳವಳ್ಳಿಯಲ್ಲಿ ನೆಂಟರ ಮನೆಯ ಬೀಗರೂಟ. ಎಲೆಯ ಮುಂದೆ ಕೂತ ಭಾವ ಸುತ್ತಲಿನವರಿಗೆ, "ನಮ್ಮ ಮೇಡಮ್ನೋರ ಹಾಡೆಲ್ಲ ಓಗೇಬುಟ್ಟಿದ್ವು. ನಾನು ಓಗಿ ತೆಗ್ದುಕೊಟ್ಟೆ" ಎಂದು ಹೇಳುತ್ತಿದ್ದರು. ಚಿಕ್ಕತ್ತೆ ನನ್ನ ಕಡೆ ತಿರುಗಿ, "ಅವ್ದೇನಮ್ಮ?" ಅಂದರು.

"ಇಲ್ಲ ಅತ್ತೆ. ಅಳಿಸೋಕೆ ಹೊರಟಿದ್ರು. ನಾನು ಆಫ್ ಮಾಡಿ ನಿಲ್ಲಿಸ್ದೆ" ಅಂದೆ.

ನನ್ನ ಗಂಡ ಎಲೆಯಲ್ಲಿದ್ದ ಮೂಳೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಭಾವ ತುತ್ತು ನುಂಗಿ, "ಪೆನ್‌ಡ್ರೈವ್ ನಂದೇ ತಾನೆ?" ಅಂದರು. ಸುತ್ತಲಿನವರಿಗೆ ಅಷ್ಟು ಸಾಕಾಯಿತು. ಅದೂ ಸರಿಯೇ ಎಂದು ತಲೆಯಾಡಿಸಿ ಮುದ್ದೆ ಮುರಿದರು.

ಪೆನ್‌ಡ್ರೈವನ್ನು ಅವರು ವಾಪಸು ಕೇಳಲಿಲ್ಲ. ಅದೇ ನಿಧಾನದ ಪರದೆಯಲ್ಲಿ ಆ ಸೆಮಿಸ್ಟರ್ ಕಳೆದೆ. ರಜೆ ಬಂದಾಗ ಪ್ರತಿ ಸಾಲನ್ನೂ ಓದಿಕೊಂಡು ಅದರಲ್ಲಿದ್ದ ಓಎಸ್ಸನ್ನು ನಾನೇ ಡಿಸ್ಕಿಗೆ ಹಾಕಿಕೊಂಡೆ.

ಹೋದ ತಿಂಗಳು ಪಕ್ಕದ ಮನೆಯವರು ಮಗಳ ಲ್ಯಾಪ್‌ಟಾಪನ್ನು ಭಾವನವರ ಹತ್ತಿರ ಒಯ್ದಿದ್ದರಂತೆ. ತಂದು ನನಗೂ ತೋರಿಸಿದರು. "ನೋಡಿ ಮೇಡಂ, ಹೊಸದ್ರಂಗೆ ಮಾಡ್ಕೊಟ್ಟವ್ರೆ. ಒಳಗೆ ಒಂದು ಕಸಾನೂ ಇಲ್ಲ."

ಮೊದಲು ಏನಿತ್ತು ಎಂದು ಕೇಳಿದೆ.

"ಏನೇನೋ ಇತ್ತು. ಮದ್ವೆ ಫೋಟೋನೂ ಇತ್ತು. ಓಗ್ಲಿ ಬುಡಿ."