ಚಿಕ್ಕಪ್ಪ ಹೆಸರು ಹಾಕಿ ಬರೆದ ವಾರ

ಹಳೆಯ ಯಂತ್ರಗಳನ್ನು ಕೊಂಡು ಮಾರುವುದು ನನ್ನ ಕಸುಬು. ಮೊನ್ನೆ ಹರಿಹರದ ಗುಜರಿಯೊಂದರಲ್ಲಿ ಸೀಮೆಎಣ್ಣೆ, ಮಸಿ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ಬೆಲೆ ಕೇಳುವುದನ್ನೂ ಮರೆತು ನಿಂತುಬಿಟ್ಟೆ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಪಡಸಾಲೆಗೆ ಇದೇ ವಾಸನೆಯಿತ್ತು. ಅಲ್ಲಿ ಚಿಕ್ಕಪ್ಪನ ವಾರಪತ್ರಿಕೆ ಅಚ್ಚಾಗುತ್ತಿತ್ತು. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಹರಿಹರದಿಂದ ಬರುತ್ತಿದ್ದ ರಹಮತ್ ಮಾಮ. ಬೆರಳೆಲ್ಲ ಕಪ್ಪು, ಕೈಯಲ್ಲಿ ನಮಗೆಂದೇ ತಂದ ಮಿರ್ಚಿ ಬಜ್ಜಿಯ ಪೊಟ್ಟಣ. ಅವರೂ ಚಿಕ್ಕಪ್ಪನೂ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ನೋಡುತ್ತಲೇ ಬೆಳೆದ ಮಕ್ಕಳಿಗೆ ಅದರಲ್ಲಿ ಕೇಳುವಂಥದ್ದೇನೂ ಕಂಡಿರಲಿಲ್ಲ.

ಗಂಡಸನ್ನು ಪ್ರೀತಿಸುವ ಗಂಡಸು ನಾನು ಎಂದು ಚಿಕ್ಕಪ್ಪ ತಮ್ಮ ಪತ್ರಿಕೆಯಲ್ಲೇ ಬರೆದರು. ಅದಕ್ಕೂ ಮೊದಲು ದಾವಣಗೆರೆಯಲ್ಲಿ ಯಾರಾದರೂ ಹಾಗೆ ಬರೆದದ್ದನ್ನು ನಾನು ಕೇಳಿಲ್ಲ. "ಬರಿ, ಬ್ಯಾಡ ಅನ್ನಲ್ಲ. ಹೆಸ್ರು ಮಾತ್ರ ಬ್ಯಾರೇದು ಹಾಕೋ" ಎಂದು ಅಜ್ಜಿ ಅಂಗಲಾಚಿದಳು. "ಬ್ಯಾರೇ ಹೆಸ್ರು ಹಾಕಿದ್ರೆ ಅದು ಬ್ಯಾರೇರ ಸುದ್ದಿ ಆಗ್ತೈತೆ ಅವ್ವಾ" ಎಂದರು ಚಿಕ್ಕಪ್ಪ. ಮಾಮ ಆ ಹೆಸರನ್ನು ತಲೆಬರಹದ ದಪ್ಪ ಮೊಳೆಗಳಲ್ಲೇ ಜೋಡಿಸಿದರು. ಮರುವಾರದಿಂದ ಅಂಗಡಿಗಳ ಜಾಹೀರಾತುಗಳು ನಿಂತವು. ಬದಲಿಗೆ ಕೊಂಡಜ್ಜಿ, ಸಾರಥಿಯಂಥ ಸುತ್ತಲ ಹಳ್ಳಿಗಳಿಂದ ಹುಡುಗರು ಬಂದರು. ಚಂದಾದಾರರಾಗುವ ನೆಪದಲ್ಲಿ ಬಂದು, ಸುಮ್ಮನೆ ಕೂತು, ಅಜ್ಜಿ ಕೊಟ್ಟ ಚಹಾ ಕುಡಿದು, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ದೊಡ್ಡಪ್ಪನಿಗೆ ಸಹಿಸಲಾಗಲಿಲ್ಲ. ಮನೆ ಭಾಗವಾಯಿತು, ಪ್ರೆಸ್ಸು ತೂಕಕ್ಕೆ ಹೋಯಿತು, ಚಿಕ್ಕಪ್ಪ ಹರಿಹರದಲ್ಲಿ ಮಾಮನ ಮನೆ ಸೇರಿದರು. ವ್ಯಾಪಾರದವಳಾಗಿ ನಿಮಗೊಂದು ಮಾತು ಹೇಳುತ್ತೇನೆ: ಮರ್ಯಾದೆಗೆ ಹೆದರಿ ಮನೆಯ ಮನುಷ್ಯರನ್ನು ಕಳಚಿಕೊಳ್ಳಬೇಡಿ, ಆಮೇಲೆ ಯಾವ ಬೆಲೆಗೂ ಸಿಗುವುದಿಲ್ಲ.

ಈಚೆಗೆ ಚಿಕ್ಕಪ್ಪ ತೀರಿಕೊಂಡಾಗ ಅದೇ ದೊಡ್ಡಪ್ಪ ಶ್ರದ್ಧಾಂಜಲಿ ಸಭೆ ಇಟ್ಟರು. ಮಾಮನನ್ನು ಮನೆಯವರ ಸಾಲಿನಲ್ಲಿ ಕೂರಿಸಿ ಎಂದು ನಾನು ಹಟ ಹಿಡಿದೆ. "ಮನಿಯೋನು ಅನ್ನಾಕ್ಕಾಗಲ್ಲವ್ವಾ. ಪ್ರೆಸ್ಸಿನ ಹಳೇ ಕೆಲಸಗಾರ ಅಂತ ಒಂದು ಶಾಲು ಹೊದಿಸೋಣ, ಸಾಕು" ಎಂದರು. ಎಷ್ಟು ಚೌಕಾಸಿ ಮಾಡಿದರೂ ಅದಕ್ಕಿಂತ ಮೇಲೇರಲಿಲ್ಲ. ಸಭೆಯಲ್ಲಿ ಮಾತಾಡಿದವರೆಲ್ಲ ಚಿಕ್ಕಪ್ಪನನ್ನು ಪತ್ರಿಕೆಯನ್ನೇ ಮದುವೆಯಾದ ಬ್ರಹ್ಮಚಾರಿ ಎಂದು ಹೊಗಳಿದರು. ಹೆಸರು ಹಾಕಿ ಬರೆದದ್ದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಮಾಮನಿಗೆ ಶಾಲು ಹೊದಿಸಿದರು, ಅವರು ಕೈಮುಗಿದರು.

ಹೊರಗೆ ಬಂದ ಮೇಲೆ ಮಾಮ ಆ ಶಾಲನ್ನು ಅಚ್ಚುಕಟ್ಟಾಗಿ ಮಡಚಿ ನನ್ನ ಕೈಗಿಟ್ಟರು. "ಇದು ಕೆಲಸಗಾರಂಗೆ ಕೊಟ್ಟಿದ್ದವ್ವಾ. ಮನಿಗೆ ಒಯ್ದು ಎಲ್ಲಿ ಇಡ್ಲಿ? ಅವ್ನು ಇದ್ದಿದ್ರೆ ನಗ್ತಿದ್ದ." ಹರಿಹರದ ಬಸ್ಸು ಬಂತು. ಮಾಮ ಹತ್ತಿ, ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕದ ಜಾಗ ಬಿಟ್ಟು ಈಚೆ ಕೂತರು.